ಮುಗಿಯಿತು ಅನ್ನಬೇಕಾದವರು

"ಮುಗಿದೈತೆ ಅಂದ್ರೆ ಏನ್ರಿ ಕಾಕಾ? ಸತ್ತಾರಾ? ಸತ್ತಿದ್ರೆ ಸತ್ತಾರೆ ಅಂತ ಬಾಯಿ ಬಿಟ್ಟು ಹೇಳ್ರಿ!"

ಮುನೀರಾ ಫೋನನ್ನು ನನ್ನ ಮೇಜಿನ ಮೇಲೆ ಕುಕ್ಕಿದಳು. ಚಹಾದ ಲೋಟ ಉರುಳಿತು. ಅವಳ ಇನ್ನೊಂದು ಕೈಯಲ್ಲಿ ಬಟ್ಟೆಯ ಚೀಲವಿತ್ತು. ಅದರೊಳಗಿಂದ ಅವಳಪ್ಪನ ಚಪ್ಪಲಿಯ ಹಿಮ್ಮಡಿ ಕಾಣುತ್ತಿತ್ತು.

"ಮೊದ್ಲು ದನಿ ಇಳಿಸು. ಇದು ಕಂಟ್ರೋಲ್ ರೂಮು, ಸಂತೆಯಲ್ಲ."

"ಸಂತೇಲಾದ್ರೆ ಕಳೆದೋದ ಕುರೀನಾದ್ರೂ ಹುಡುಕಿ ಕೊಡ್ತಾರೆ. ಓದ್ರಿ ಇದನ್ನ."

ಓದಿದೆ. 'ಮಾನ್ಯ ಫಲಾನುಭವಿಗಳೇ, ನಿಮ್ಮ ಕೆಲಸ ಮುಗಿದಿದೆ. ದಯವಿಟ್ಟು ಬಂದು ಕರೆದುಕೊಂಡು ಹೋಗಿ.' ಕೆಳಗೆ ಮತ್ತೆ ಅದೇ. ಅದರ ಕೆಳಗೂ ಅದೇ. ದಿನಾ ಬೆಳಿಗ್ಗೆ ಹತ್ತು ಗಂಟೆಗೆ ಒಂದರಂತೆ ಮೂವತ್ತಾರು ಸಂದೇಶಗಳು. ಆ ಸಂದೇಶ ಕಳಿಸುವ ಪ್ರೋಗ್ರಾಂನ ಸಾಲನ್ನು ಬರೆದವನು ನಾನೇ.

"ಇದು ಯಾರ ಫೋನು?"

"ಅಬ್ಬಾಂದು. ಡಬ್ಬಿಯೊಳಗೆ ಇಟ್ಟು ಮಲಗೋಕೆ ಬಂದಿದ್ರು. ಇವತ್ತು ಬೆಳಿಗ್ಗೆ ಯಾರದೋ ನಂಬರ್ ಬೇಕಾಯ್ತು ಅಂತ ಚಾರ್ಜಿಗೆ ಹಾಕಿದೆ. ಟಣ್ ಟಣ್ ಅಂತ ಒಂದೇ ಸಮ ಹೊಡ್ಕೊಂತು. ಮೂವತ್ತಾರು ದಿನದಿಂದ ಮುಗಿದೈತಂತೆ. ಆಪರೇಶನ್ ಹಾಲಿಗೆ ಹೋಗಿ ಕೇಳಿದೆ. ಆ ಹೆಸರಿನೋರು ಇಲ್ಲ ಅಂದ್ರು. ಗೂಡುಗಳ ಕಡೆ ಹೋದೆ. ಲಿಸ್ಟಲ್ಲಿ ಇಲ್ಲ ಅಂದ್ರು. ಇಲ್ಲೂ ಇಲ್ಲ, ಅಲ್ಲೂ ಇಲ್ಲ ಅಂದ್ರೆ ನಮ್ಮಪ್ಪ ಎಲ್ಲಿ ಕಾಕಾ?"

ನಾನು ಪರದೆಯ ಮೇಲೆ ಹುಡುಕಿದೆ. ದಾದಾಪೀರ್. ಮಂಡಕ್ಕಿ ಭಟ್ಟಿ ಕೆಲಸ. ಶ್ವಾಸಕೋಶ. ಸ್ಥಿತಿ: ಮುಗಿಯಿತು. ಗೂಡಿನ ಸಂಖ್ಯೆಯ ಜಾಗ ಖಾಲಿ.

ಮಲಗಿ ಎಂಬತ್ತೇಳು ದಿನವಾಗಿತ್ತು. ತೊಂಬತ್ತು ದಾಟಬಾರದು.

ರೋಗಿಗಳನ್ನು ಮಲಗಿಸಿಡುವ ಈ ತಡೆಮನೆಯ ವಿಷಯವನ್ನು ಇಲ್ಲೇ ಹೇಳಿಬಿಡುತ್ತೇನೆ. ದಾವಣಗೆರೆಯಲ್ಲಿ ಮುಚ್ಚಿಹೋಗಿದ್ದ ಒಂದು ಹತ್ತಿ ಗಿರಣಿ ಇದು. ನೂಲಿನ ಯಂತ್ರಗಳಿದ್ದ ಜಾಗದಲ್ಲಿ ಈಗ ಮುನ್ನೂರ ನಲವತ್ತು ಗೂಡುಗಳಿವೆ. ಒಂದೊಂದು ಗೂಡಿನಲ್ಲಿ ಒಬ್ಬ ರೋಗಿ ಶೀತನಿದ್ದೆಯಲ್ಲಿರುತ್ತಾನೆ. ಮೈ ತಣ್ಣಗಾಗುತ್ತದೆ, ಎದೆ ನಿಮಿಷಕ್ಕೆ ನಾಲ್ಕು ಸಲ ಬಡಿಯುತ್ತದೆ, ರೋಗ ಇದ್ದಲ್ಲೇ ನಿಲ್ಲುತ್ತದೆ. ದೊಡ್ಡ ಆಪರೇಶನ್ ಮಾಡುವ ಮೇಜುಗಳು ಇರುವುದು ಎರಡೇ. ಒಂದೊಂದರ ಮೇಲೆ ದಿನಕ್ಕೆ ಇಬ್ಬರು. ಮೊದಲಾದರೆ ಜನ ಸರದಿಗೆ ಕಾದು ಕಾದು ಸಾಯುತ್ತಿದ್ದರು. ಈಗ ಮಲಗಿ ಕಾಯುತ್ತಾರೆ. ತೊಂಬತ್ತು ದಿನದವರೆಗೆ ಖಾತರಿ. ಅದು ದಾಟಿದರೆ ಜೀವಕ್ಕೇನೂ ಆಗುವುದಿಲ್ಲ, ನೆನಪು ಅಳಿಸತೊಡಗುತ್ತದೆ. ಹೊಸದು ಮೊದಲು ಹೋಗುತ್ತದೆ, ಹಳೆಯದು ಆಮೇಲೆ. ಎಷ್ಟು ಬೇಗ ಎಂದು ಹೇಳಲಾಗದು, ಒಬ್ಬೊಬ್ಬರಿಗೆ ಒಂದೊಂದು ಥರ.

ಊರು ಇದಕ್ಕೆ ಒಗ್ಗಿಹೋಗಿತ್ತು. ಮಲಗಿದವರ ಚಪ್ಪಲಿಯನ್ನು ಹೊಸಿಲ ಪಕ್ಕ ಮನೆಯೊಳಕ್ಕೆ ಮುಖ ಮಾಡಿ ಇಡುತ್ತಿದ್ದರು. ಬೀದಿಯಲ್ಲಿ ನಡೆದರೆ ಯಾವ ಮನೆಯವರು ಮಲಗಿದ್ದಾರೆ ಎಂದು ಗೊತ್ತಾಗುತ್ತಿತ್ತು. ಮದುವೆ ಮಾತುಕತೆಯನ್ನೂ 'ಮಾವ ಎದ್ದಮೇಲೆ' ಎಂದು ಮುಂದೂಡುತ್ತಿದ್ದರು.

ಯಾರನ್ನು ಯಾವಾಗ ಎಬ್ಬಿಸಿ ಮೇಜಿಗೆ ಕಳಿಸಬೇಕು ಎಂದು ನೋಡಿಕೊಳ್ಳುವ ಪ್ರೋಗ್ರಾಂ ನನ್ನದು. ಹಳ್ಳಿ ಶಾಲೆಯಲ್ಲಿ ಓದಿ, ಈ ಗಿರಣಿಯಲ್ಲೇ ವೈರ್‌ಮನ್ ಆಗಿದ್ದವನು ನಾನು. ಗಿರಣಿ ಮುಚ್ಚಿದ ಮೇಲೆ ಹಟಕ್ಕೆ ಬಿದ್ದು ಜಾವಾಸ್ಕ್ರಿಪ್ಟ್ ಕಲಿತೆ. ಬೆಂಗಳೂರಿನಿಂದ ಬಂದ ಕಂಪನಿಯವರು ಈ ಕೆಲಸಕ್ಕೆ ಸಾವಿರಾರು ಸಾಲು ಬೇಕು ಅಂದಿದ್ದರು. ನಾನು ನಲವತ್ತು ಸಾಲಿನಲ್ಲಿ ಮುಗಿಸಿದೆ. ಹೊರಗಿನವರು ಬಳಸಲು ಮೂರೇ ಆಜ್ಞೆಗಳು. 'ಸೇರಿಸು' ಅಂದರೆ ರೋಗಿ ಸಾಲಿನ ಬಾಲಕ್ಕೆ ಸೇರುತ್ತಾನೆ. 'ಕಳಿಸು' ಅಂದರೆ ಮೇಜು ಖಾಲಿಯಾದಾಗ ತಲೆಯಲ್ಲಿರುವವನು ಹೋಗುತ್ತಾನೆ. 'ಮುಗಿಯಿತು' ಅಂದರೆ ಹೆಸರು ಸಾಲಿನಿಂದ ಹೋಗುತ್ತದೆ, ಮನೆಯವರಿಗೆ ಸಂದೇಶ ಹೋಗುತ್ತದೆ. ಕೆಲಸ ಒಪ್ಪಿಸಿದವನು ಬಾಗಿಲಲ್ಲಿ ನಿಂತು ಕಾಯಬೇಕಿಲ್ಲ. ಒಪ್ಪಿಸಿ ತನ್ನ ಪಾಡಿಗೆ ತಾನು ಬದುಕುತ್ತಿರಬಹುದು, ಆದಾಗ ಯಂತ್ರವೇ ಕೂಗಿ ಹೇಳುತ್ತದೆ.

ನಾಲ್ಕನೆಯ ಆಜ್ಞೆ ಬೇಕು ಎಂದು ಎಷ್ಟೋ ಜನ ಬಂದಿದ್ದರು. 'ಮುಂದೆ ಹಾಕು' ಎಂಬ ಆಜ್ಞೆ. ಶಾಸಕರ ಕಡೆಯವರು ಬಂದಿದ್ದರು, ಕಾಲೇಜುಗಳ ಒಡೆಯರು ಬಂದಿದ್ದರು. ಬರೆಯುವುದಿಲ್ಲ ಎಂದು ಎಲ್ಲರನ್ನೂ ಬೈದು ಅಟ್ಟಿದ್ದೆ. ನನ್ನ ಸಾಲಿನಲ್ಲಿ ದೊಡ್ಡವನು ಸಣ್ಣವನು ಇಲ್ಲ. ಆ ಹೆಮ್ಮೆಯಿಂದಲೇ ದಾದಾಪೀರನ ಮನೆಗೆ ಹೋಗಿ, "ಲೇ ದಾದು, ಭಟ್ಟಿ ಹೊಗೆ ಕುಡಿದು ಎದೆ ಸುಟ್ಕೊಂಡಿದ್ದು ಸಾಕು. ಬಂದು ಮಲಗು. ಸಾಲು ನಂದು, ನಾನು ನೋಡ್ಕೊಂತೀನಿ" ಎಂದು ಒತ್ತಾಯ ಮಾಡಿ ಕರೆತಂದಿದ್ದೆ. ನಾವಿಬ್ಬರೂ ಒಂದೇ ಶಾಲೆಯಲ್ಲಿ ಒಂದೇ ಮಣೆಯ ಮೇಲೆ ಕೂತವರು.

"ನೀನು ಇಲ್ಲೇ ಕೂತಿರು" ಎಂದು ಮುನೀರಾಳಿಗೆ ಹೇಳಿ ಆಡಳಿತಾಧಿಕಾರಿಯ ಕೋಣೆಗೆ ನುಗ್ಗಿದೆ. ಅವಳು ಕೂರಲಿಲ್ಲ, ನನ್ನ ಹಿಂದೆಯೇ ಬಂದಳು.

ಪಂಚಾಕ್ಷರಯ್ಯ ಗೋಡೆಯ ಮೇಲಿನ ಫಲಕವನ್ನು ಯಾರಿಗೋ ಫೋನಿನಲ್ಲಿ ವರ್ಣಿಸುತ್ತಿದ್ದರು. ಫಲಕದ ಮೇಲೆ ಹಸಿರು ಅಕ್ಷರ: 'ಕಳಿಸಿದವರಲ್ಲಿ ಬಾಕಿ: ಸೊನ್ನೆ. ವಿಲೇವಾರಿ: ನೂರಕ್ಕೆ ನೂರು.'

"ಸಾರ್, ದಾದಾಪೀರ್ ಅನ್ನೋರು ಎಲ್ಲಿ?"

"ಕೊಟ್ರಪ್ಪನವ್ರೇ, ಬಾಗಿಲು ಬಡಿದು ಬರೋ ಪದ್ಧತಿ ಅಂತ ಒಂದೈತೆ."

"ಮನುಷ್ಯ ಕಾಣೆಯಾಗ್ಯಾನೆ. ಪದ್ಧತಿ ಆಮೇಲೆ ಹೇಳ್ರಿ."

ಅವರು ಪರದೆ ನೋಡಿದರು. "ಮುಗಿದೈತಲ್ರೀ. ನಮ್ಮ ಕಡೆಯಿಂದ ಮೂವತ್ತಾರು ದಿನದ ಹಿಂದೇನೇ ರವಾನೆ ಆಗೈತೆ."

"ರವಾನೆ ಆಗಿದ್ದಕ್ಕೆ ಮುಗಿದದ್ದು ಅಂತಾರೇನ್ರಿ?" ಎಂದು ಮುನೀರಾ ಕೇಳಿದಳು.

"ಆಫೀಸಲ್ಲಿ ಹಾಗೇ ಅಮ್ಮ. ಕಡತ ನಮ್ಮ ಟೇಬಲ್ಲಿಂದ ಹೋಯ್ತು ಅಂದ್ರೆ ನಮ್ಮ ಮಟ್ಟಿಗೆ ವಿಲೇವಾರಿ. ಮುಂದಿನದು ಮುಂದಿನ ಟೇಬಲ್ಲಿನೋರದು."

ನಾಲ್ಕು ತಿಂಗಳ ಹಿಂದೆ ಇದೇ ಕೋಣೆಯಲ್ಲಿ ನಾವಿಬ್ಬರೂ ಜಗಳವಾಡಿದ್ದೆವು. ನಾನು ಮೊದಲು ಬರೆದಾಗ 'ಮುಗಿಯಿತು' ಎನ್ನುವ ಅಧಿಕಾರ ಆಪರೇಶನ್ ಮೇಜಿನದಾಗಿತ್ತು. ಹೊಲಿಗೆ ಹಾಕಿ ಮುಗಿಸಿದ ಮೇಲೆ ಅವರು ಹೇಳಬೇಕು. ಪಂಚಾಕ್ಷರಯ್ಯ ಒಪ್ಪಲಿಲ್ಲ. ರೋಗಿ ನಮ್ಮ ಬಾಗಿಲು ದಾಟಿದ ಕ್ಷಣವೇ ನಮ್ಮ ಲೆಕ್ಕದಿಂದ ಹೋಗಬೇಕು, ಮೇಲಿನವರು ದಿನಾ ಬಾಕಿ ಎಷ್ಟು ಎಂದು ಕೇಳುತ್ತಾರೆ ಎಂದರು. ನಾನು ಸ್ಟೂಲು ಎತ್ತಿ ಗೋಡೆಗೆ ಒಗೆದೆ. ನೋಟಿಸ್ ಬಂತು. ಒಂದು ವಾರ ಮುಖ ಊದಿಸಿಕೊಂಡು ಓಡಾಡಿದೆ. ಕೊನೆಗೆ, ಹೇಗೂ ಬಾಗಿಲು ದಾಟಿದವನು ಮೇಜಿಗೇ ಹೋಗುತ್ತಾನಲ್ಲ, ಏನು ವ್ಯತ್ಯಾಸ ಎಂದುಕೊಂಡು ಪ್ರೋಗ್ರಾಂನಲ್ಲಿ ಆ ಸಾಲನ್ನು ಎತ್ತಿ ಮೇಲೆ ಹಾಕಿದೆ. ಒಂದೇ ಸಾಲು. 'ಕಳಿಸು' ಆದ ಮರುಕ್ಷಣ 'ಮುಗಿಯಿತು'. ಎರಡು ನಿಮಿಷದ ಕೆಲಸ.

"ಹೋದೋರು ವಾಪಸ್ ಬಂದ್ರೆ?" ಎಂದು ಕೇಳಿದೆ. ಈ ಪ್ರಶ್ನೆಯನ್ನು ನಾಲ್ಕು ತಿಂಗಳ ಹಿಂದೆ ಕೇಳಬೇಕಿತ್ತು.

"ವಾಪಸ್ ಯಾಕೆ ಬರ್ತಾರೆ?"

ಆಪರೇಶನ್ ಹಾಲಿಗೆ ಓಡಿದೆ. ಬಾಗಿಲಲ್ಲಿದ್ದ ನರ್ಸ್ ಹೇಳಿದಳು. ರಕ್ತ ಹೊಂದದಿದ್ದರೆ, ಮೈ ಬಿಸಿಮಾಡುವಾಗ ಜ್ವರ ಬಂದರೆ, ಕರೆಂಟು ಹೋದರೆ ರೋಗಿಯನ್ನು ಮತ್ತೆ ತಣ್ಣಗೆ ಮಾಡಿ ವಾಪಸ್ ಕಳಿಸುತ್ತಾರೆ. ಚೀಟಿ ಬರೆದು ಕೊಡುತ್ತಾರೆ. ಆಳುಗಳು ತಳ್ಳಿಕೊಂಡು ಹೋಗಿ ಯಾವ ಗೂಡು ಖಾಲಿ ಇರುತ್ತದೋ ಅದರಲ್ಲಿ ಮಲಗಿಸುತ್ತಾರೆ.

"ಚೀಟಿ ಎಲ್ಲಿ?"

"ನಿಮ್ಮ ಆಫೀಸಿಗೇ ಕೊಡ್ತೀವಲ್ರಿ."

ಚೀಟಿಗಳು ಸಿಕ್ಕವು. ಪಂಚಾಕ್ಷರಯ್ಯನವರ ಗುಮಾಸ್ತರ ಮೇಜಿನ ಹಿಂದೆ, ಬಿಲ್ಲು ಚುಚ್ಚುವ ತಂತಿಯಲ್ಲಿ. ಹತ್ತೊಂಬತ್ತು ಚೀಟಿ. ಹೆಸರು, ತಾರೀಕು, 'ವಾಪಸ್' ಎಂಬ ಮೊಹರು. ಗೂಡಿನ ಸಂಖ್ಯೆ ಒಂದರಲ್ಲೂ ಇಲ್ಲ. ಗುಮಾಸ್ತರನ್ನು ಬಯ್ಯಲು ಬಾಯಿ ತೆರೆದವನು ಮುಚ್ಚಿಕೊಂಡೆ. ಅವರು ಆ ಚೀಟಿಯನ್ನು ಕಂಪ್ಯೂಟರಿಗೆ ಹೇಗೆ ತುಂಬಬೇಕಿತ್ತು? 'ವಾಪಸ್ ಬಂತು' ಎಂಬ ಆಜ್ಞೆಯನ್ನೇ ನಾನು ಬರೆದಿರಲಿಲ್ಲ. ಮೂರೇ ಸಾಕು ಎಂದು ಎದೆ ತಟ್ಟಿಕೊಂಡಿದ್ದೆ. ಜಾವಾಸ್ಕ್ರಿಪ್ಟ್‌ನಲ್ಲಿ ಒಂದು ಕೆಲಸವನ್ನು ಒಪ್ಪಿಸಿದರೆ ಅದಕ್ಕೆ ಎರಡು ಕೊನೆಗಳಿರುತ್ತವೆ, ಆಯಿತು ಮತ್ತು ಆಗಲಿಲ್ಲ. ಆಗಲಿಲ್ಲ ಎನ್ನುವುದಕ್ಕೆ ನಾನು ದಾರಿಯನ್ನೇ ಇಟ್ಟಿರಲಿಲ್ಲ.

ಮತ್ತೆ ಆ ಸಂದೇಶಗಳು! ನಮ್ಮ ಅರ್ಜಿಯಲ್ಲಿ ಇದ್ದದ್ದು 'ಫಲಾನುಭವಿಯ ಮೊಬೈಲ್ ಸಂಖ್ಯೆ'. ಎಲ್ಲ ಸರ್ಕಾರಿ ಅರ್ಜಿಗಳಲ್ಲೂ ಹಾಗೇ ಇರುತ್ತದೆ, ಅದನ್ನೇ ನೋಡಿ ಇಳಿಸಿದ್ದರು. ಫಲಾನುಭವಿ ಮಲಗಿರುತ್ತಾನೆ. ಯಂತ್ರ ದಿನಾ ಹತ್ತು ಗಂಟೆಗೆ ಮಲಗಿದವನಿಗೇ ಸಂದೇಶ ಕಳಿಸಿ, ಬಂದು ನಿನ್ನನ್ನು ಕರೆದುಕೊಂಡು ಹೋಗು ಅನ್ನುತ್ತಿತ್ತು. ಕೆಲವು ಮನೆಯವರು ಇನ್ನೂ ತೊಂಬತ್ತು ದಿನ ಆಗಿಲ್ಲವಲ್ಲ ಎಂದು ಸುಮ್ಮನಿದ್ದರು, ಉಳಿದವರು ಕೇಳಲು ಬಂದು ಬಾಗಿಲಲ್ಲೇ 'ಮುಗಿದಿದೆ, ಆಪರೇಶನ್ ಹಾಲಿನಲ್ಲಿ ಕೇಳಿ' ಅನ್ನಿಸಿಕೊಂಡು ಅಲೆಯುತ್ತಿದ್ದರು.

ಗೂಡಿನ ಮುಚ್ಚಳ ತೆರೆಯುವಂತಿಲ್ಲ. ತೆರೆದರೆ ಮೈ ಬಿಸಿಯಾಗುತ್ತದೆ, ತಕ್ಷಣ ಮೇಜು ಬೇಕು. ವೈರ್‌ಮನ್ ಆಗಿದ್ದವನಿಗೆ ಇನ್ನೊಂದು ದಾರಿ ಗೊತ್ತಿತ್ತು. ಪ್ರತಿ ಗೂಡಿನ ಕರೆಂಟು ನೋಡಿದೆ. ಹೆಸರೇ ಇಲ್ಲದ, ಆದರೂ ಮೀಟರು ತಿರುಗುತ್ತಿರುವ ಗೂಡುಗಳು ಹತ್ತೊಂಬತ್ತು.

"ಅದು ಲೀಕೇಜು ಇರ್ಬೇಕು" ಎಂದರು ಪಂಚಾಕ್ಷರಯ್ಯ.

"ಹತ್ತೊಂಬತ್ತು ಕಡೆ ಒಂದೇ ಅಳತೆ ಲೀಕೇಜಾ? ನಿಮ್ಮ ತಲೇಲಿ ಆಗಿರೋದು ಲೀಕೇಜು."

ಗೂಡಿನ ಪಕ್ಕದಲ್ಲಿ ಔಷಧದ ಕೊಳವೆ ಹೋಗುವಲ್ಲಿ ಅಂಗೈಯಗಲದ ಗಾಜು ಇರುತ್ತದೆ. ಅದರಲ್ಲಿ ರೋಗಿಯ ಬಲಗೈ ಮಾತ್ರ ಕಾಣುತ್ತದೆ. ಮುನೀರಾ ಒಂದೊಂದೇ ಗಾಜಿನ ಮಂಜು ಒರೆಸುತ್ತ ಹೋದಳು. ಬಳೆ ತೊಟ್ಟ ಕೈ. ಹಚ್ಚೆಯ ಕೈ. ಆರು ಬೆರಳಿನ ಕೈ. ಇನ್ನೂರ ಆರನೆಯ ಗೂಡಿನ ಮುಂದೆ ನಿಂತಳು. ಆ ಕೈಯ ಮಣಿಕಟ್ಟಿನಿಂದ ಮೇಲೆ ಚರ್ಮ ನುಣ್ಣಗೆ ಸುಟ್ಟು ಮಿನುಗುತ್ತಿತ್ತು. ಕಾದ ಮರಳಿನಲ್ಲಿ ಮೂವತ್ತು ವರ್ಷ ಮಂಡಕ್ಕಿ ಹುರಿದ ಕೈ.

"ಅಬ್ಬಾ" ಎಂದು ಗಾಜಿಗೆ ಅಂಗೈ ಇಟ್ಟಳು. ಆಮೇಲೆ ನನ್ನ ಕಡೆ ತಿರುಗಿದಳು. "ಈಗ ಎಬ್ಬಿಸ್ರಿ."

ಮಧ್ಯಾಹ್ನ ಊಟಕ್ಕೆ ಮನೆಗೆ ಹೋದೆ. ಊಟ ಬೇಕಿರಲಿಲ್ಲ, ಯಾರ ಮೇಲಾದರೂ ಕೂಗಬೇಕಿತ್ತು. ಹೆಂಡತಿ ಹಾಲಮ್ಮ ರೊಟ್ಟಿ ಬಡಿಯುತ್ತ ಎಲ್ಲ ಕೇಳಿಸಿಕೊಂಡಳು.

"ಈಗ ಮತ್ತೆ ಸೇರಿಸಿದ್ರೆ ಸಾಲಿನ ಬಾಲಕ್ಕೆ ಬೀಳ್ತಾನೆ" ಎಂದೆ. "ಮುಂದೆ ಮುನ್ನೂರ ಹನ್ನೆರಡು ಜನ ಅದಾರೆ. ಎಂಬತ್ತು ದಿನದ ಮೇಲೆ ಆಗತೈತೆ. ಪಂಚಾಕ್ಷರಯ್ಯ ಏನಂತಾನೆ ಗೊತ್ತಾ? ನಿಮ್ಮ ಸ್ನೇಹಿತನ್ನ ನಾಳೆ ಬೆಳಿಗ್ಗೇನೇ ಮೇಜಿಗೆ ಕಳಿಸೋಣ, ಉಳಿದ ಹದಿನೆಂಟು ಹೆಸರು ನಿಧಾನಕ್ಕೆ ಬಾಲಕ್ಕೆ ಸೇರಿಸೋಣ, ವಿಷಯ ಹೊರಗೆ ಹೋಗೋದು ಬೇಡ ಅಂತ."

"ನೀವೇನಂದ್ರಿ?"

"ಥೂ ಅಂದೆ."

"ಥೂ ಅನ್ನೋದು ನಿಮಗೆ ಸಲೀಸು" ಎಂದಳು. "ಚಿಕ್ಕೋರಿದ್ದಾಗ ಸೀಮೆಎಣ್ಣೆ ಅಂಗಡಿ ಮುಂದೆ ಸಾಲಿನಾಗೆ ಕಲ್ಲು ಇಟ್ಟು ಬರ್ತಿದ್ವಲ್ಲ. ಡಬ್ಬಿ, ಚಪ್ಪಲಿ, ಕಲ್ಲು. ಮನೆಗೆ ಹೋಗಿ ಕೆಲಸ ಮಾಡ್ಕೊಂಡು ಬಂದ್ರೂ ಕಲ್ಲು ಅಲ್ಲೇ ಇರ್ತಿತ್ತು. ಯಾಕೆ? ಹಿಂದಿನೋಳಿಗೆ ಮುಂದಿನ ಕಲ್ಲು ಯಾರದು ಅಂತ ಗೊತ್ತಿರ್ತಿತ್ತು. ಡಬ್ಬಿಗೆ ಎಣ್ಣೆ ಬೀಳೋ ತನಕ ಯಾರೂ ಮುಗೀತು ಅಂತಿರಲಿಲ್ಲ. ಅಂಗಡಿಯೋನು ಎಣ್ಣೆ ಕೊಟ್ಟೆ ಅಂತ ಬರಕೊಂಡ್ರೆ ಮುಗೀತಾ? ಡಬ್ಬಿ ನೋಡಬೇಕು."

ರೊಟ್ಟಿ ಬಿಟ್ಟು ಎದ್ದೆ. ಅವಳು ಹೇಳಿದ್ದು ಸರಿಯಾಗಿತ್ತು, ಅದಕ್ಕೇ ಇನ್ನಷ್ಟು ಸಿಟ್ಟು ಬಂತು.

ಅಂದು ಸಂಜೆಯೊಳಗೆ ಹೊಸದಾಗಿ ಬರೆದೆ. 'ಕಳಿಸು' ಆದರೂ ಹೆಸರು ಸಾಲಿನಿಂದ ಹೋಗುವುದಿಲ್ಲ, ಅದರ ಕಲ್ಲು ಅಲ್ಲೇ ಇರುತ್ತದೆ. ಆಪರೇಶನ್ ಆದರೆ ಮೇಜು ಬಿಡುಗಡೆಯಾಗುತ್ತದೆ, ಹೆಸರು ಆಗಲೂ ಉಳಿಯುತ್ತದೆ. 'ವಾಪಸ್' ಎಂಬ ಹೊಸ ಆಜ್ಞೆ. ವಾಪಸ್ ಬಂದವನು ಬಾಲಕ್ಕಲ್ಲ, ತನ್ನ ಮೊದಲಿನ ಜಾಗಕ್ಕೇ ಬರುತ್ತಾನೆ, ಅವನ ಸರದಿ ಆಗಲೇ ಬಂದಿತ್ತಲ್ಲ. ಕರೆ ಹೋಗುವುದು ಮನೆಯವರ ಫೋನಿಗೆ; ಆ ಸಂಖ್ಯೆಗಳನ್ನು ಭರ್ತಿಯ ಕಾಗದಗಳಿಂದ ಹುಡುಕಿ ತುಂಬಿದೆ. ಇನ್ನು 'ಮುಗಿಯಿತು' ಎನ್ನುವ ಅಧಿಕಾರ ಆಫೀಸಿನದೂ ಅಲ್ಲ, ಮೇಜಿನದೂ ಅಲ್ಲ, ನನ್ನದೂ ಅಲ್ಲ. ಎದ್ದ ರೋಗಿಯನ್ನು ಕಣ್ಣಾರೆ ಕಂಡು ಕರೆದುಕೊಂಡು ಹೋಗುವ ಮನೆಯವರು ಹೆಬ್ಬೆಟ್ಟು ಒತ್ತಬೇಕು. ಅಲ್ಲಿಯವರೆಗೆ ಬಾಕಿ.

ಫಲಕದ ಮೇಲೆ ಹಸಿರು ಹೋಗಿ ಕೆಂಪು ಬಂತು. 'ಬಾಕಿ: ಹತ್ತೊಂಬತ್ತು.'

ಪಂಚಾಕ್ಷರಯ್ಯ ಓಡಿ ಬಂದರು. "ಏನ್ರಿ ಇದು! ನಾಲ್ಕು ತಿಂಗಳಿಂದ ಸೊನ್ನೆ ಅಂತ ಬರೆದು ಕಳಿಸೀನಿ! ತೆಗೀರಿ ಇದನ್ನ!"

"ತೆಗೆಯೋ ಆಜ್ಞೆ ಬರೆದಿಲ್ಲ."

"ಬರೀರಿ ಮತ್ತೆ!"

"ನೀವೇ ಬರ್ಕೊಳ್ರಿ. ನಲವತ್ತೇಳು ಸಾಲೈತೆ, ನಾನು ಹಳ್ಳಿ ಶಾಲೆಯೋನು, ನೀವು ಎರಡು ಡಿಗ್ರಿಯೋರು."

ಅವರು ಅಮಾನತು ಮಾಡಿಸುತ್ತೇನೆ ಎಂದರು. ಮಾಡಿಸಿ, ಆದರೆ ಹತ್ತೊಂಬತ್ತು ಮನೆಗೂ ಈಗ ತಾನೇ ಕರೆ ಹೋಗಿದೆ, ಅವರು ಬಂದು ಕೇಳಿದಾಗ ಉತ್ತರ ಹೇಳಲು ನೀವೇ ಬಾಗಿಲಲ್ಲಿ ನಿಲ್ಲಿ ಎಂದೆ. ಅವರು ಕುರ್ಚಿಯಲ್ಲಿ ಕುಸಿದರು. ಆ ಕ್ಷಣ ನಾನು ಗೆದ್ದೆ ಅಂದುಕೊಂಡೆ.

ಮುನೀರಾ ಬಾಗಿಲಲ್ಲಿ ನಿಂತು ಪರದೆಯನ್ನೇ ನೋಡುತ್ತಿದ್ದಳು. ಹತ್ತೊಂಬತ್ತು ಹೆಸರು ಮೊದಲಿನ ಸರದಿಯ ತಾರೀಕಿನ ಪ್ರಕಾರ ನಿಂತಿದ್ದವು. ದಾದಾಪೀರ್ ಹದಿಮೂರನೆಯವನು.

"ದಿನಕ್ಕೆ ಎಷ್ಟು ಜನ ಕಾಕಾ?"

"ನಾಲ್ಕು."

ಅವಳು ಬೆರಳು ಮಡಿಸಿದಳು. "ನಾಳೆ ಎಂಬತ್ತೆಂಟು. ಹದಿಮೂರನೆಯೋರು ಅಂದ್ರೆ ತೊಂಬತ್ತೊಂದನೇ ದಿನ." ಮತ್ತೆ ಪರದೆ ನೋಡಿ ಕೇಳಿದಳು. "ಮುಂದಿನ ಹನ್ನೆರಡು ಜನದಾಗೆ ತೊಂಬತ್ತು ದಾಟಿದೋರು ಎಷ್ಟು?"

ನೋಡಿದೆ. "ಹನ್ನೆರಡೂ ಜನ ದಾಟ್ಯಾರೆ. ಒಬ್ಬಾಕಿಗೆ ನೂರಾ ಹದಿನೈದು."

"ಹಂಗಾದ್ರೆ ಅವರಿಗೆ ಆಗೋದು ಆಗಿಹೋಗೈತೆ. ಒಂದು ದಿನ ಹೆಚ್ಚಾದ್ರೆ ದೊಡ್ಡ ಫರಕು ಬೀಳಲ್ಲ. ನಮ್ಮಪ್ಪನದು ಇನ್ನೂ ಪೂರ್ತಿ ಐತೆ. ನಾಳೆ ಕಳಿಸಿದ್ರೆ ಪೂರ್ತಿ ಉಳಿಯತೈತೆ. ಮುಂದೆ ಹಾಕ್ರಿ ಕಾಕಾ."

"ಮುಂದೆ ಹಾಕೋ ಆಜ್ಞೆ ಇಲ್ಲ."

"ಬರೀರಿ. ಇವತ್ತು ಏನೇನೋ ಬರೆದ್ರಲ್ಲ."

"ಅದೊಂದು ಬರಿಯಲ್ಲ. ಇವತ್ತು ನಿಮ್ಮಪ್ಪಗೆ ಬರೆದ್ರೆ ನಾಳೆ ಪಂಚಾಕ್ಷರಯ್ಯನ ಮಾವಗೆ ಬರಿಬೇಕು. ನಾನು ಅವನಿಗೆ ಈಗ್ಲೇ ಥೂ ಅಂದು ಬಂದೀನಿ. ಸಾಲು ಅಂದ್ರೆ ಸಾಲು."

"ಇದು ವಶೀಲಿ ಅಲ್ಲ ಕಾಕಾ. ಲೆಕ್ಕ. ಒಂದು ಉಳಿಯೋದನ್ನ ಉಳಿಸ್ರಿ ಅಂತೀನಿ."

"ಒಂದು ದಿನ ಮುನೀರಾ! ಒಂದೇ ದಿನ. ಏನಾಗತೈತೆ?"

ಇದು ನಾನು ಹೇಳಿದ ಮಾತು.

ಅವಳು ಆ ಮೂರು ದಿನವೂ ಚೀಲ ಹಿಡಿದು ಇನ್ನೂರ ಆರನೆಯ ಗೂಡಿನ ಪಕ್ಕ ಕೂತಳು. ಮೊದಲ ದಿನ ಎದ್ದವರಲ್ಲಿ ನೂರಾ ಹದಿನೈದು ದಿನ ಮಲಗಿದ್ದ ಆ ಮುದುಕಿಯೂ ಇದ್ದಳು. ಎರಡು ದಿನದ ಮೇಲೆ ಮೊಮ್ಮಕ್ಕಳ ಹೆಸರೆಲ್ಲ ಪಟಪಟನೆ ಹೇಳಿದಳು. ಕಳೆದ ದೀಪಾವಳಿ ಮಾತ್ರ ನೆನಪಿರಲಿಲ್ಲ. ನಾನು ಓಡಿ ಹೋಗಿ ಮುನೀರಾಳಿಗೆ ಹೇಳಿದೆ.

"ನೋಡಿದ್ಯಾ! ನೂರಾ ಹದಿನೈದು ದಿನಕ್ಕೆ ಒಂದು ದೀಪಾವಳಿ ಹೋಗೈತೆ ಅಷ್ಟೆ. ನಿಮ್ಮಪ್ಪಂದು ಒಂದು ದಿನ. ಒಂದು ಊಟ ಮರೆತಾನು."

ಅವಳು ನಗಲಿಲ್ಲ. "ನಿಮ್ಮ ಪರದೆ ಎಲ್ಲಾರನ್ನೂ ಒಂದೇ ಥರ ನೋಡತೈತೆ ಕಾಕಾ. ನೀವೂ ಹಂಗೇ ನೋಡಬೇಡ್ರಿ" ಎಂದಳು.

ತೊಂಬತ್ತೊಂದನೆಯ ದಿನ ಬೆಳಿಗ್ಗೆ ದಾದಾಪೀರ್ ಮೇಜಿಗೆ ಹೋದ. ಆಪರೇಶನ್ ಚೆನ್ನಾಗಿ ಆಯಿತು. ಹೊಸ ಶ್ವಾಸಕೋಶ ಹಿಡಿಯಿತು. ಐದು ದಿನದ ಮೇಲೆ ಒಂದು ಮಧ್ಯಾಹ್ನ ಅವನನ್ನು ಪೂರ್ತಿ ಎಬ್ಬಿಸಿ ಕೂರಿಸಿದ್ದೇವೆ ಎಂದು ಕರೆ ಬಂತು. ನಾನೂ ಮುನೀರಾಳೂ ಒಟ್ಟಿಗೆ ಒಳಗೆ ಹೋದೆವು.

ದಿಂಬಿಗೆ ಒರಗಿ ಕೂತಿದ್ದ. ಕೆಮ್ಮು ಇರಲಿಲ್ಲ. ಮೂವತ್ತು ವರ್ಷದಲ್ಲಿ ಮೊದಲ ಸಲ ಅವನು ಉಸಿರಾಡುವ ಸದ್ದು ನನಗೆ ಕೇಳಿಸಲಿಲ್ಲ. ನನ್ನನ್ನು ದಿಟ್ಟಿಸಿ ನೋಡಿದ, ಹುಬ್ಬು ಗಂಟಿಕ್ಕಿದ, ಆಮೇಲೆ ಮುಖ ಅರಳಿತು.

"ಲೇ ಕೊಟ್ರ! ಏನಲೇ ಇಷ್ಟು ಮುದುಕ ಆಗೀಯ?"

ನಾನು ಗಟ್ಟಿಯಾಗಿ ನಕ್ಕುಬಿಟ್ಟೆ. "ನೋಡು, ಗುರುತು ಹಿಡಿದ!" ಎಂದು ಮುನೀರಾಳ ಬೆನ್ನು ತಟ್ಟಿದೆ.

"ಕಲ್ಲು ಎಲ್ಲಿ ಇಟ್ಟಿಯಲೇ?" ಎಂದ ದಾದಾಪೀರ್. "ಎಣ್ಣೆ ಅಂಗಡಿ ತೆಗೆಯೋ ಹೊತ್ತಾತು. ನಮ್ಮವ್ವ ಬಯ್ತಾಳೆ." ಆಮೇಲೆ ತನ್ನ ಸುಟ್ಟ ಕೈ ನೋಡಿಕೊಂಡ. ತಿರುಗಿಸಿ ತಿರುಗಿಸಿ ನೋಡಿದ. "ಇದೇನಾತು ನನ್ನ ಕೈಗೆ?"

ಮುನೀರಾ ಮುಂದೆ ಹೋದಳು. "ಅಬ್ಬಾ."

ಅವನು ಅವಳನ್ನು ನೋಡಿದ. ಮರ್ಯಾದೆಯಿಂದ, ಹೊಸಬರನ್ನು ನೋಡುವಂತೆ. ನನ್ನ ಕಡೆ ಬಗ್ಗಿ ಪಿಸುಗುಟ್ಟಿದ.

"ಈ ಅಕ್ಕ ಯಾರಲೇ?"

ವೈದ್ಯರು ಬಂದು ಏನೇನೋ ಹೇಳಿದರು. ಕೆಲವರದು ಮೊದಲ ದಿನವೇ ಜಾರುತ್ತದೆ, ಅಣೆಕಟ್ಟೆ ಒಡೆದಂತೆ. ಕೆಲವರದು ವರ್ಷವಾದರೂ ಜಾರುವುದಿಲ್ಲ. ಮೊದಲೇ ಹೇಳಲು ಬರುವುದಿಲ್ಲ. ಮೂರು ದಿನ ಮೊದಲು ಬಂದಿದ್ದರೆ ಎಂದು ಶುರುಮಾಡಿದವರು ನನ್ನ ಮುಖ ನೋಡಿ ನಿಲ್ಲಿಸಿದರು.

ಮುನೀರಾ ಅಳಲಿಲ್ಲ. ಚೀಲ ಬಿಚ್ಚಿ ಅಂಗಿ ತೆಗೆದು ಅವನಿಗೆ ತೊಡಿಸಿದಳು. ಚಪ್ಪಲಿಯನ್ನು ಕಾಲ ಬಳಿ ಇಟ್ಟಳು. ಅವನು ಆ ದೊಡ್ಡ ಚಪ್ಪಲಿ ನೋಡಿ, "ಇದು ನಮ್ಮಪ್ಪಂದಿರಬೇಕು" ಎಂದ. ಆದರೂ ಮೆಟ್ಟಿದ. ಸರಿಯಾಗಿ ಕೂತಿತು. ಅವನಿಗೇ ಆಶ್ಚರ್ಯವಾಯಿತು.

ಬಾಗಿಲ ಬಳಿಯ ಮೇಜಿನ ಮೇಲೆ ಹೆಬ್ಬೆಟ್ಟಿನ ಯಂತ್ರವಿತ್ತು. ಪಂಚಾಕ್ಷರಯ್ಯ ಅಲ್ಲೇ ಕಾಯುತ್ತಿದ್ದರು. ಉಳಿದ ಹದಿನೆಂಟು ಮನೆಯವರೂ ಅಷ್ಟರಲ್ಲಿ ಒತ್ತಿ ಹೋಗಿದ್ದರು. ಕೆಲವರು ಅತ್ತು ಒತ್ತಿದರು, ಕೆಲವರು ಬೈದು ಒತ್ತಿದರು. ಹಳೆಯ ಲೆಕ್ಕದಲ್ಲಿ ಬಾಕಿ ಇದ್ದದ್ದು ಇದೊಂದೇ.

"ಇಲ್ಲಿ ಒಂದು ಒತ್ತಿಬಿಡಮ್ಮ" ಎಂದರು.

ಅವಳು ಅವರ ಕಡೆ ನೋಡಲೇ ಇಲ್ಲ. ನನ್ನನ್ನು ಕೇಳಿದಳು. "ಇದು ಒತ್ತಿದ್ರೆ ಏನು ಅಂತ ಬರಕೊಳ್ಳತೈತೆ ಕಾಕಾ?"

"ಮುಗಿಯಿತು ಅಂತ."

"ಅಂದ್ರೆ ನಮ್ಮಪ್ಪನ್ನ ನನಗೆ ಕೊಟ್ರಿ ಅಂತ."

ಅವಳು ಯಂತ್ರವನ್ನು ನನ್ನ ಕಡೆ ತಿರುಗಿಸಿದಳು.

"ಕೊಟ್ಟೀರಾ?"

"ಮುನೀರಾ, ನಾನು ಸಾಲು ಮುರಿಯೋಕೆ..."

"ನಿಮ್ಮ ಸಾಲು ನೆಟ್ಟಗೈತೆ ಕಾಕಾ. ಒಂದು ಕಲ್ಲೂ ಅಲುಗಿಲ್ಲ. ಅದನ್ನ ನೀವೇ ಇಟ್ಕೊಳ್ರಿ." ಅವಳು ಅಪ್ಪನ ಸುಟ್ಟ ಕೈ ಹಿಡಿದುಕೊಂಡಳು. "ಬರ್ರಿ, ಎಣ್ಣೆ ಅಂಗಡಿಗೆ ಹೋಗಾಣ."

"ಅಕ್ಕ, ಕೊಟ್ರ ಬರಲ್ಲೇನು?" ಎಂದು ದಾದಾಪೀರ್ ತಿರುಗಿ ನೋಡಿದ.

"ಅವರು ಬರಲ್ಲ. ಅವರಿಗೆ ಇಲ್ಲಿ ಕೆಲಸೈತೆ."

ಇಬ್ಬರೂ ಗಿರಣಿಯ ಹಳೆಯ ಗೇಟು ದಾಟಿ ಬಿಸಿಲಿಗೆ ಇಳಿದರು. "ಏಯ್ ಅಮ್ಮ, ಹೆಬ್ಬೆಟ್ಟು!" ಎಂದು ಪಂಚಾಕ್ಷರಯ್ಯ ಕೂಗಿದರು. ಅವಳು ತಿರುಗಲಿಲ್ಲ.

ಅವಳ ಫೋನಿಗೆ ದಿನಾ ಹತ್ತು ಗಂಟೆಗೆ ಕರೆ ಹೋಗುತ್ತದೆ. ಎತ್ತುವುದಿಲ್ಲ. ಹಾಲಮ್ಮ ಒಂದು ದಿನ ಅವರ ಬೀದಿಗೆ ಹೋಗಿ ಬಂದಳು. ಮನೆಗೆ ಬೀಗ. ಹೊಸಿಲ ಪಕ್ಕ ಚಪ್ಪಲಿ ಇಲ್ಲ. ಎಲ್ಲಿಗೆ ಹೋದರೆಂದು ಭಟ್ಟಿಯವರಿಗೂ ಗೊತ್ತಿಲ್ಲ. ಪಂಚಾಕ್ಷರಯ್ಯ ವಾರಕ್ಕೊಮ್ಮೆ ಬಂದು, ಆ ಒಂದನ್ನು ಹೇಗಾದರೂ ಅಳಿಸಿ ಎಂದು ಬೇಡಿಕೊಳ್ಳುತ್ತಾರೆ. ಒಂದು ಸಾಲು ಸಾಕು, ಎರಡು ನಿಮಿಷದ ಕೆಲಸ ಎಂದು ನನಗೂ ಗೊತ್ತು. ಅವರನ್ನು ಬೈದು ಹೊರಗೆ ಕಳಿಸುತ್ತೇನೆ. ಗೋಡೆಯ ಮೇಲೆ ಹಳೆಯ ಲೆಕ್ಕದ ಕೆಂಪು ಅಕ್ಷರ ಹಾಗೇ ಇದೆ: 'ಬಾಕಿ: ಒಂದು.'